ಹವಳದ ತುಣುಕುಗಳಿಗೆ ಜಾಗ ಹುಡುಕಿ ಬಂಡೆಗೆ ಕೂರಿಸಿದ ಕೆಲಸ

ಹವಳದ ತುಣುಕನ್ನು ಬಂಡೆಗೆ ಅಂಟಿಸಲು ಹಿಡಿಯುವುದು ಒಂದೆರಡು ನಿಮಿಷ. ಅದು ಎಲ್ಲಿರಬೇಕು, ಯಾವ ಕಡೆ ವಾಲಿರಬೇಕು, ಪಕ್ಕದಲ್ಲಿ ಯಾವುದಿರಬೇಕು ಎಂದು ಗೊತ್ತುಮಾಡಲು ವಾರಗಳು ಬೇಕು. ಅಂಟು ಬಿಟ್ಟರೆ ಮತ್ತೆ ಹಚ್ಚಬಹುದು. ಒಗ್ಗದ ಮೂಲೆಯಲ್ಲಿ ಬುಡ ಹರಡಿಕೊಂಡು ಕೂತ ಹವಳವನ್ನು ಎಬ್ಬಿಸಬೇಕಾದರೆ ಉಳಿ ಸುತ್ತಿಗೆ ಹಿಡಿದು ಬಂಡೆಯನ್ನೇ ಕಡಿಯಬೇಕಾಗುತ್ತದೆ. ಹಾಗಾಗಿ ಈ ರೀಫ್ ಟ್ಯಾಂಕಿಗೆ, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂಗೆ, ತುಣುಕುಗಳನ್ನು ಕೂರಿಸುವಾಗ ಒಂದೇ ನಿಯಮ ಇಟ್ಟುಕೊಂಡೆ: ಇವತ್ತು ಹೆಬ್ಬೆರಳಿನಷ್ಟಿರುವ ತುಣುಕು ಎರಡು ಮೂರು ವರ್ಷದಲ್ಲಿ ಎಷ್ಟು ದೊಡ್ಡದಾಗುತ್ತದೋ ಅಷ್ಟು ಜಾಗವನ್ನು ಈಗಲೇ ಬಿಡಬೇಕು. ಕೆಳಗಿನದೆಲ್ಲ ಆ ನಿಯಮವನ್ನು ಕೈಯಲ್ಲಿ ಮಾಡಿ ನೋಡಿದ ವಿವರ.

ಟ್ಯಾಂಕಿನ ಅಳತೆ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರ. ಒಳಗೆ ಎರಡು ಕಲ್ಲುಗುಡ್ಡೆ: ಎಡಗಡೆಯದು ಎತ್ತರ, ಬಲಗಡೆಯದು ತಗ್ಗು. ಇವೆರಡರ ನಡುವೆ ಮರಳಿನ ಓಣಿ, ಮತ್ತು ಮುಂಗಾಜಿನ ಹತ್ತಿರ ಯಾವುದಕ್ಕೂ ತಾಗದ ಒಂಟಿ ಬಂಡೆಯೊಂದು. ಮೇಲೆ ಎರಡು ಎಲ್‌ಇಡಿ ದೀಪ, ಎರಡೂ ಪಕ್ಕದ ಗಾಜಿಗೆ ನೀರಿಗೆ ಹರಿವು ಕೊಡುವ ಒಂದೊಂದು ಪಂಪ್, ಅಂದರೆ ವೇವ್‌ಮೇಕರ್. ನೀರಿನ ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಉಷ್ಣಾಂಶ 25ರಿಂದ 26 ಡಿಗ್ರಿ ಸೆಲ್ಸಿಯಸ್, ಆಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೊನೇಟಿನ ಅಳತೆ) 8ರಿಂದ 8.5 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ (ಹತ್ತು ಲಕ್ಷಕ್ಕೆ 420 ಭಾಗ), ಮೆಗ್ನೀಸಿಯಂ 1,300 ಪಿಪಿಎಂ ಆಸುಪಾಸು. ಈ ಅಂಕಿಗಳು ತಿಂಗಳುಗಟ್ಟಲೆ ಅಲುಗದೆ ನಿಂತ ಮೇಲೆಯೇ ತುಣುಕುಗಳಿಗೆ ಕೈ ಹಾಕಿದ್ದು. ಹವಳ ತನ್ನ ಅಸ್ಥಿಪಂಜರವನ್ನು ಕಟ್ಟುವುದು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟಿನಿಂದ. ಆಲ್ಕಲಿನಿಟಿ ದಿನಕ್ಕೊಂದು ರೀತಿ ಆಡುವ ನೀರಿನಲ್ಲಿ ಎಷ್ಟೇ ಚೆನ್ನಾಗಿ ಅಂಟಿಸಿದರೂ ಬುಡ ಬಂಡೆಗೆ ಹರಡುವುದಿಲ್ಲ.

ಕೂರಿಸಬೇಕಾಗಿದ್ದವು ಇವು: ಕೊಂಬೆಕೊಂಬೆಯಾಗಿ ಬೆಳೆಯುವ ಅಕ್ರೊಪೊರಾ ನಾಲ್ಕು ಬಗೆ, ತಟ್ಟೆಯ ಹಾಗೆ ಹರಡುವ ಮಾಂಟಿಪೊರಾ ಕ್ಯಾಪ್ರಿಕಾರ್ನಿಸ್ ಒಂದು, ಬಂಡೆಯ ಮೇಲೆ ಲೇಪದಂತೆ ಹಬ್ಬುವ ಮತ್ತೊಂದು ಮಾಂಟಿಪೊರಾದ ಮೂರು ಚೂರು, ಯೂಫಿಲಿಯಾ ಗುಂಪಿನ ಹ್ಯಾಮರ್, ಫ್ರಾಗ್‌ಸ್ಪಾನ್ ಮತ್ತು ಟಾರ್ಚ್, ಜೊಯಾಂಥಿಡ್ ಎರಡು ಗೊಂಚಲು, ಟೋಡ್‌ಸ್ಟೂಲ್ ಎಂದು ಕರೆಯುವ ಸಾರ್ಕೊಫೈಟಾನ್, ಗ್ರೀನ್ ಸ್ಟಾರ್ ಪಾಲಿಪ್ ಒಂದು ಚಾಪೆ, ಒಂಟಿ ಫಂಗಿಯಾ. ಎಲ್ಲವೂ ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ತುಣುಕುಗಳು, ಸಮುದ್ರದಿಂದ ಕಿತ್ತವಲ್ಲ. ಗಟ್ಟಿ ಹವಳಗಳು ಅಪಾಯದಲ್ಲಿರುವ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ; ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಬೇಕು. ಅದಕ್ಕಿಂತ ಮುಖ್ಯವಾಗಿ, ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ತುಣುಕು ದೀಪದ ಬೆಳಕಿಗೂ ಗಾಜಿನ ಗೋಡೆಗೂ ಆಗಲೇ ಒಗ್ಗಿರುತ್ತದೆ. ಆದ್ದರಿಂದ ಎರಡೂ ಲೆಕ್ಕದಲ್ಲಿ ಅದೇ ಸರಿಯಾದ ಆಯ್ಕೆ.

ಒಳಗೆ ಬಿಡುವ ಮೊದಲು

ತುಣುಕುಗಳು ಬಂದದ್ದು ಸಿರಾಮಿಕ್ ಪ್ಲಗ್‌ಗಳ ಮೇಲೆ. ಪ್ಲಗ್ ಎಂದರೆ ಅಣಬೆಯಾಕಾರದ ಸಣ್ಣ ಪೀಠ: ಮೇಲೆ ಚಪ್ಪಟೆ ಬಿಲ್ಲೆ, ಕೆಳಗೆ ಕಾಂಡ. ಇದನ್ನು ಹಾಗೇ ಟ್ಯಾಂಕಿಗೆ ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಪೀಡೆಗಳು ಬರುವುದೇ ಪ್ಲಗ್‌ನ ಅಡಿಯಲ್ಲಿ ಮತ್ತು ಸಂದಿಗಳಲ್ಲಿ: ಐಪ್ಟೇಸಿಯಾ ಎಂಬ ಕುಟುಕುವ ಅನಿಮೋನ್, ಬಲೆಯಂತೆ ಲೋಳೆ ಬೀಸುವ ವರ್ಮೆಟಿಡ್ ಬಸವನಹುಳು, ಅಕ್ರೊಪೊರಾ ತಿನ್ನುವ ಚಪ್ಪಟೆಹುಳು, ಮಾಂಟಿಪೊರಾ ತಿನ್ನುವ ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಸಮುದ್ರ ಬಸವನಹುಳು. ಅಯೋಡಿನ್ ಇರುವ ಡಿಪ್ ದ್ರಾವಣದಲ್ಲಿ, ಪ್ಯಾಕಿನ ಮೇಲೆ ಹೇಳಿದಷ್ಟು ಹೊತ್ತು ಅದ್ದಿ, ದೊಡ್ಡ ಪಿಪೆಟ್‌ನಿಂದ ನೀರನ್ನು ಜೋರಾಗಿ ಚಿಮ್ಮಿಸಿದರೆ ಹುಳುಗಳು ಉದುರುತ್ತವೆ. ಮೊಟ್ಟೆಗಳು ಉದುರುವುದಿಲ್ಲ, ಸಾಯುವುದೂ ಇಲ್ಲ. ಚಪ್ಪಟೆಹುಳು ಮೊಟ್ಟೆಯಿಡುವುದು ಬುಡದ ಹತ್ತಿರ, ಜೀವಂತ ಅಂಗಾಂಶ ಇಲ್ಲದ ಬರಿ ಅಸ್ಥಿಯ ಮೇಲೆ. ಹೀಗಾಗಿ ಮೂಳೆ ಕತ್ತರಿಸುವ ಶಸ್ತ್ರಕ್ರಿಯೆಯ ಕಟರ್‌ನಿಂದ ಆ ಬುಡವನ್ನೂ ಹಳೆ ಪ್ಲಗ್ಗನ್ನೂ ತೆಗೆದುಹಾಕಿ, ಹೊಸ ಪ್ಲಗ್‌ಗೆ ತಾತ್ಕಾಲಿಕವಾಗಿ ಅಂಟಿಸಿ, ಬೇರೆಯದೇ ಸಣ್ಣ ಟ್ಯಾಂಕಿನಲ್ಲಿ ಇಟ್ಟೆ. ಅಲ್ಲಿ ವಾರಕ್ಕೊಮ್ಮೆ ಮತ್ತೆ ಡಿಪ್. ಮೊಟ್ಟೆಯೊಡೆದ ಮರಿಗಳು ದೊಡ್ಡವಾಗಿ ತಾವೇ ಮೊಟ್ಟೆಯಿಡುವ ಮೊದಲು ಸಿಕ್ಕಿಬೀಳಬೇಕು, ಅದೇ ಲೆಕ್ಕ. ಆರು ವಾರಕ್ಕಿಂತ ಕಡಿಮೆ ಅವಧಿಯ ಪ್ರತ್ಯೇಕವಾಸದಲ್ಲಿ ನನಗೆ ನಂಬಿಕೆಯಿಲ್ಲ.

ಜೊಯಾಂಥಿಡ್ ಮುಟ್ಟುವವರಿಗೆ ಒಂದು ಮಾತನ್ನು ಇಲ್ಲೇ ಹೇಳಬೇಕು. ಈ ಗುಂಪಿನ ಕೆಲವು ಜಾತಿಗಳಲ್ಲಿ, ಅದರಲ್ಲೂ ಪಾಲಿಥೋವಾದಲ್ಲಿ, ಪಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. ಹವಾಯಿಯ ಪಾಲಿಥೋವಾದಿಂದ ಇದನ್ನು ಬೇರ್ಪಡಿಸಿದ ವರದಿ ಬಂದದ್ದು 1971ರಲ್ಲಿ. ನಮಗೆ ಗೊತ್ತಿರುವ ಅತ್ಯಂತ ತೀಕ್ಷ್ಣ ಜೈವಿಕ ವಿಷಗಳಲ್ಲಿ ಇದೂ ಒಂದು. ಕತ್ತರಿಸುವಾಗ ಚಿಮ್ಮುವ ರಸ ಕಣ್ಣಿಗೆ ಬಿದ್ದರೆ, ಕೈಯ ಗಾಯಕ್ಕೆ ತಾಗಿದರೆ ಆಸ್ಪತ್ರೆಯೇ ಗತಿ. ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ, ಗಾಳಿ ಆಡುವ ಜಾಗ, ಈ ಮೂರೂ ಇರಲೇಬೇಕು. ಜೊಯಾಂಥಿಡ್ ಅಂಟಿದ ಬಂಡೆಯನ್ನು ಶುಚಿ ಮಾಡಲು ಕುದಿಸುವುದಂತೂ ಎಂದೂ ಬೇಡ: ವಿಷ ಆವಿಯೊಂದಿಗೆ ಶ್ವಾಸಕೋಶ ಸೇರುತ್ತದೆ, ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾಗಿವೆ.

ಹರಿವು ಮೊದಲು, ಬೆಳಕು ಆಮೇಲೆ

ಹೆಚ್ಚಿನವರು ಬೆಳಕಿನಿಂದ ಶುರು ಮಾಡುತ್ತಾರೆ. ನಾನು ಹರಿವಿನಿಂದ ಶುರು ಮಾಡಿದೆ. ಬೆಳಕನ್ನು ಆಮೇಲೆ ದೀಪದ ನಿಯಂತ್ರಕದಲ್ಲಿ ಏರಿಸಿ ಇಳಿಸಿ ಸರಿಪಡಿಸಿಕೊಳ್ಳಬಹುದು. ಬಂಡೆಯ ಹಿಂದೆ ನೀರು ಸತ್ತಂತೆ ನಿಂತಿರುವ ಮೂಲೆಯನ್ನು ಅಷ್ಟು ಸುಲಭಕ್ಕೆ ಸರಿಮಾಡಲಾಗದು. ಹವಳ ಇದ್ದಲ್ಲೇ ಇರುವ ಪ್ರಾಣಿ. ಅದರ ಉಸಿರು, ಊಟ, ಕಸ ತೆಗೆಯುವುದು ಎಲ್ಲವೂ ಮೈಮೇಲೆ ಹಾದುಹೋಗುವ ನೀರಿನ ಕೈಯಲ್ಲಿದೆ. ಮೈಗೆ ಅಂಟಿದಂತೆ ಒಂದು ತೆಳು ನೀರಿನ ಪದರ ಯಾವಾಗಲೂ ನಿಂತಿರುತ್ತದೆ, ಹರಿವು ಕಡಿಮೆಯಾದಷ್ಟೂ ಆ ಪದರ ದಪ್ಪವಾಗುತ್ತದೆ. ಪ್ರಖರ ಬೆಳಕಿನಲ್ಲಿ, ಹವಳದ ಅಂಗಾಂಶದೊಳಗೆ ಬದುಕುವ ಸೂಕ್ಷ್ಮ ಪಾಚಿಗಳು ಹುಟ್ಟಿಸುವ ಆಮ್ಲಜನಕ ಹೊರಗೆ ಹೋಗಲಾರದೆ ಅಂಗಾಂಶದಲ್ಲೇ ಕೂಡಿಕೊಂಡು ಪೆಟ್ಟು ಕೊಡುತ್ತದೆ. ಅಂದರೆ ಹೆಚ್ಚು ಬೆಳಕು ಬೇಕೆನ್ನುವ ಹವಳಕ್ಕೆ ಹೆಚ್ಚು ಹರಿವೂ ಬೇಕು. ಒಂದನ್ನು ಮಾತ್ರ ಕೊಟ್ಟರೆ ಕೆಡುತ್ತದೆ.

ಹರಿವನ್ನು ಅಳೆಯಲು ನನ್ನ ಬಳಿ ಉಪಕರಣವಿಲ್ಲ. ಪುಡಿ ಆಹಾರವನ್ನು ಟ್ಯಾಂಕಿನದೇ ನೀರಿನಲ್ಲಿ ಕಲಸಿ, ಪಿಪೆಟ್‌ನಿಂದ ಒಂದೊಂದು ಜಾಗದಲ್ಲಿ ಸ್ವಲ್ಪ ಸ್ವಲ್ಪ ಬಿಟ್ಟು, ಕಣಗಳು ಹೇಗೆ ಓಡುತ್ತವೆ ಎಂದು ನೋಡಿದೆ. ಇದರಿಂದ ಮೂರು ಬಗೆಯ ಜಾಗಗಳು ಕಂಡವು. ಕಣಗಳು ಒಂದೇ ದಿಕ್ಕಿಗೆ ಬಾಣದಂತೆ ನುಗ್ಗುವ ಜಾಗ ವೇವ್‌ಮೇಕರ್‌ನ ನೇರ ಎದುರಿನದು. ಅಲ್ಲಿ ಯಾವ ಹವಳವನ್ನೂ ಇಡುವಂತಿಲ್ಲ, ಒಂದೇ ಕಡೆಯಿಂದ ಹೊಡೆಯುವ ನೀರು ಅಸ್ಥಿಯ ಮೇಲಿನ ಅಂಗಾಂಶವನ್ನೇ ಸುಲಿಯುತ್ತದೆ. ಕಣಗಳು ಸುಳಿಸುತ್ತಿ, ಚದುರಿ, ಮತ್ತೆ ತಿರುಗಿ ಬರುವ ಜಾಗ ಎಡಗುಡ್ಡೆಯ ನೆತ್ತಿ: ಎರಡೂ ವೇವ್‌ಮೇಕರ್‌ಗಳ ಹರಿವು ಅಲ್ಲಿ ಡಿಕ್ಕಿಯಾಗುತ್ತದೆ. ಅಕ್ರೊಪೊರಾಕ್ಕೆ ಬೇಕಾದದ್ದು ಇದೇ. ಕಣಗಳು ನಿಧಾನವಾಗಿ ತೇಲಿ, ಆದರೆ ನಿಲ್ಲದೆ ಸಾಗುವ ಜಾಗ ಬಲಗುಡ್ಡೆಯ ಮಧ್ಯದ ಮೆಟ್ಟಿಲು, ಅದು ಯೂಫಿಲಿಯಾಗಳಿಗೆ. ಅವುಗಳ ಮಾಂಸಲ ಕರಬಳ್ಳಿಗಳು ಮೆಲ್ಲಗೆ ತೂಗಬೇಕು. ಹಿಂದಕ್ಕೆ ಮಡಚಿಕೊಂಡು ಅಸ್ಥಿಯ ಅಂಚು ಕಾಣುತ್ತಿದ್ದರೆ ಹರಿವು ಜಾಸ್ತಿಯಾಗಿದೆ ಎಂದೇ ಅರ್ಥ. ಕಣಗಳು ಬಿದ್ದಲ್ಲೇ ಬಿದ್ದ ಒಂದು ಮೂಲೆ ಹಿಂಬದಿಯಲ್ಲಿ ಸಿಕ್ಕಿತು. ಅಲ್ಲಿ ಹವಳ ಇಡಲಿಲ್ಲ. ವೇವ್‌ಮೇಕರ್‌ನ ಕೋನ ಸ್ವಲ್ಪ ತಿರುಗಿಸಿ ಕೊಳೆ ನಿಲ್ಲದಂತೆ ಮಾಡಿದೆ.

ಬೆಳಕಿಗೆ ಪಾರ್ ಮೀಟರ್ ಬಳಸಿದೆ. ಇದು ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಮಾತ್ರ, ಪ್ರತಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ ಎಂದು ತೋರಿಸುತ್ತದೆ. ಕಣ್ಣನ್ನು ನಂಬುವಂತಿಲ್ಲ: ನೀಲಿ ಹೆಚ್ಚಿರುವ ದೀಪ ನಮಗೆ ಮಂಕಾಗಿ ಕಂಡರೂ ಹವಳದೊಳಗಿನ ಪಾಚಿಗೆ ಭರ್ಜರಿ ಊಟ. ಟ್ಯಾಂಕಿನ ಮುಂದಿನಿಂದ ಒಂದು ಫೋಟೋ ತೆಗೆದು, ಅದರ ಮೇಲೆ ಚೌಕಳಿ ಎಳೆದು, ಸಂವೇದಕವನ್ನು ಕೋಲಿಗೆ ಕಟ್ಟಿ ಪ್ರತಿ ಚೌಕದಲ್ಲೂ ಇಟ್ಟು ಅಂಕಿ ಬರೆದೆ. ಎಡಗುಡ್ಡೆಯ ನೆತ್ತಿ 340, ಅದರ ಭುಜ 230, ಬಲಗುಡ್ಡೆಯ ಮೆಟ್ಟಿಲು 140, ಮರಳು 90, ಚಾಚಿದ ಬಂಡೆಯ ಅಡಿ 40. ಸಾಮಾನ್ಯವಾಗಿ ಮೆದು ಹವಳಗಳಿಗೆ 50ರಿಂದ 150, ಯೂಫಿಲಿಯಾದಂಥ ದೊಡ್ಡ ಪಾಲಿಪ್‌ನ (ಪಾಲಿಪ್ ಎಂದರೆ ಹವಳದಲ್ಲಿರುವ ಒಂದೊಂದು ಜೀವಿ) ಗಟ್ಟಿ ಹವಳಗಳಿಗೆ 80ರಿಂದ 200, ಅಕ್ರೊಪೊರಾಕ್ಕೆ 200ರಿಂದ 400 ಎಂದು ಹವ್ಯಾಸಿಗಳು ಇಟ್ಟುಕೊಳ್ಳುವ ಲೆಕ್ಕಕ್ಕೆ ಇದು ಹೊಂದಿತು. ಒಂದೇ ಎತ್ತರದಲ್ಲಿ, ಒಂದು ಗೇಣು ಪಕ್ಕಕ್ಕೆ ಸರಿದರೆ ಅಂಕಿ ಅರ್ಧಕ್ಕರ್ಧ ಇಳಿಯುವ ಜಾಗಗಳೂ ಇದ್ದವು, ದೀಪದ ನೇರ ಕೆಳಗೆ ಬೆಳಕು ಗುಡ್ಡೆಯಾಗಿ ಬೀಳುವುದರಿಂದ. ಈ ನಕ್ಷೆ ಇಲ್ಲದೆ 'ಮೇಲೆ', 'ನಡುವೆ', 'ಕೆಳಗೆ' ಎಂದು ಮಾತಾಡುವುದರಲ್ಲಿ ಹೆಚ್ಚು ಅರ್ಥವಿಲ್ಲ.

ಅಳೆಯುವಾಗ ಇನ್ನೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಈಗ ಸಿಗುವ ಅಂಕಿ ಬರಿ ಬಂಡೆಯದು. ನೆತ್ತಿಯಲ್ಲಿ ಕೂತ ಅಕ್ರೊಪೊರಾ ಮುಂದೆ ಕೊಡೆಯಂತೆ ಬಿಚ್ಚಿಕೊಂಡಾಗ ಭುಜದ 230 ಅಲ್ಲಿ ಉಳಿಯುವುದಿಲ್ಲ. ತಟ್ಟೆ ಮಾಂಟಿಪೊರಾವಂತೂ ನೆರಳು ಚೆಲ್ಲುವುದರಲ್ಲಿ ಎಲ್ಲಕ್ಕಿಂತ ಮುಂದು. ಅದಕ್ಕೇ ಅದನ್ನು ಎತ್ತರದಲ್ಲಿ ಇಡಲಿಲ್ಲ. ಎಡಗುಡ್ಡೆಯ ಹೊರ ಅಂಚಿನಲ್ಲಿ, ನಡುವಿಗಿಂತ ಸ್ವಲ್ಪ ಕೆಳಗೆ, ಅಡಿಯಲ್ಲಿ ಬರಿ ಮರಳಿರುವ ಕಡೆ ಜಾಗ ಕೊಟ್ಟೆ. ಅದು ಎಷ್ಟು ಅಗಲವಾದರೂ ಅದರ ನೆರಳು ಮರಳಿನ ಮೇಲೆ ಬೀಳಲಿ.

ನೆರೆಹೊರೆ

ಹವಳಗಳು ಜಾಗಕ್ಕಾಗಿ ಹೊಡೆದಾಡುತ್ತವೆ. ಹಗಲಿನಲ್ಲಿ ಇದು ಕಾಣುವುದಿಲ್ಲ. ದೀಪ ಆರಿದ ಮೇಲೆ ಮಂದ ಕೆಂಪು ಬ್ಯಾಟರಿ ದೀಪ ಹಿಡಿದು ನೋಡಿದರೆ, ಯೂಫಿಲಿಯಾದ ಅಂಚಿನಿಂದ ಉದ್ದನೆಯ, ತುದಿಯಲ್ಲಿ ಬಿಳಿಚಿದ ಸ್ವೀಪರ್ ಬಳ್ಳಿಗಳು ಹೊರಬಂದು ನೀರಿನ ಜೊತೆ ಬೀಸಾಡುತ್ತಿರುತ್ತವೆ. ತುದಿಯಲ್ಲಿ ಕುಟುಕು ಕೋಶಗಳು ತುಂಬಿರುತ್ತವೆ. ತಾಗಿದ ಕಡೆ ನೆರೆಯ ಹವಳದ ಅಂಗಾಂಶ ಸುಟ್ಟಂತೆ ಬೆಳ್ಳಗಾಗುತ್ತದೆ. ಇನ್ನು ಕೆಲವು ಹವಳಗಳು ತಮ್ಮ ಜೀರ್ಣಾಂಗದ ಎಳೆಗಳನ್ನೇ ಹೊರಗೆ ಚೆಲ್ಲಿ ಪಕ್ಕದ್ದನ್ನು ಅರಗಿಸುತ್ತವೆ. ಗ್ಯಾಲಾಕ್ಸಿಯಾ ಎಂಬುದರ ಬಳ್ಳಿಗಳು ಒಂದಡಿಯವರೆಗೂ ಚಾಚಬಲ್ಲವು. ಈ ಅಳತೆಯ ಟ್ಯಾಂಕಿನಲ್ಲಿ ಅದಕ್ಕೆ ನ್ಯಾಯವಾದ ಜಾಗವೇ ಇಲ್ಲ ಎಂದು ತರಲೇ ಇಲ್ಲ.

ಹ್ಯಾಮರ್ ಮತ್ತು ಫ್ರಾಗ್‌ಸ್ಪಾನ್ ಸಾಮಾನ್ಯವಾಗಿ ಒಂದಕ್ಕೊಂದು ತಾಗಿದರೂ ಸಹಿಸಿಕೊಳ್ಳುತ್ತವೆ. ಟಾರ್ಚ್ ಹಾಗಲ್ಲ, ಅದು ತನ್ನ ಸಮೀಪದ ಬಂಧುಗಳನ್ನೂ ಕುಟುಕುತ್ತದೆ. ಆದ್ದರಿಂದ ಮೊದಲೆರಡನ್ನು ಬಲಗುಡ್ಡೆಯ ಮೆಟ್ಟಿಲಿನಲ್ಲಿ ಒಟ್ಟಿಗೆ, ಟಾರ್ಚ್ ಅನ್ನು ಅದೇ ಗುಡ್ಡೆಯ ಇನ್ನೊಂದು ಕೊನೆಯಲ್ಲಿ, ಹರಿವು ಅದರಿಂದ ಹೊರಟು ಬೇರೆ ಹವಳಗಳ ಕಡೆ ಹೋಗದೆ ಗಾಜಿನ ಕಡೆ ಹೋಗುವಂತೆ ಇಟ್ಟೆ. ಇದು ಮುಖ್ಯ: ಸ್ವೀಪರ್ ಬಳ್ಳಿ ಎಷ್ಟು ಉದ್ದವಿದೆ ಎನ್ನುವಷ್ಟೇ ಯಾವ ದಿಕ್ಕಿಗೆ ತೇಲುತ್ತದೆ ಎನ್ನುವುದನ್ನೂ ಲೆಕ್ಕ ಹಾಕಬೇಕು. ಎದುರು ಹರಿವಿನಲ್ಲಿ 10 ಸೆಂ.ಮೀ. ದೂರ ಸಾಕಾಗುವ ಕಡೆ, ಹರಿವಿನ ಕೆಳದಿಕ್ಕಿನಲ್ಲಿ 20 ಸೆಂ.ಮೀ. ಬಿಟ್ಟರೂ ಕಡಿಮೆಯೇ.

ಸಾರ್ಕೊಫೈಟಾನ್‌ನ ಜಗಳ ಬೇರೆ ತರಹದ್ದು. ಅದಕ್ಕೆ ಕುಟುಕುವ ಬಲ ಕಡಿಮೆ, ಬದಲಿಗೆ ಟರ್ಪೀನ್ ಗುಂಪಿನ ರಾಸಾಯನಿಕಗಳನ್ನು ನೀರಿಗೆ ಬಿಡುತ್ತದೆ. ದೂರವಿಟ್ಟರೆ ಸಾಕೆನ್ನುವ ಹಾಗಿಲ್ಲ, ನೀರು ಎಲ್ಲರಿಗೂ ಒಂದೇ. ಸಂಪ್‌ನಲ್ಲಿ (ನೀರು ಸೋಸುವ ಪ್ರತ್ಯೇಕ ತೊಟ್ಟಿ) ರಾಸಾಯನಿಕ ಹೀರುವ ಆಕ್ಟಿವೇಟೆಡ್ ಕಾರ್ಬನ್ ಇಟ್ಟು ಕಾಲಕಾಲಕ್ಕೆ ಬದಲಿಸುವುದೊಂದೇ ದಾರಿ. ಆಗಾಗ ಅದು ಮೈಮೇಲೆ ಮೇಣದಂಥ ಪದರ ಕಟ್ಟಿಕೊಂಡು ದಿನಗಟ್ಟಲೆ ಮುದುಡಿ ಕೂರುತ್ತದೆ. ಆ ಪೊರೆ ಕಳಚಿ ಕೊಚ್ಚಿಹೋಗಲು ಸಾಕಷ್ಟು ಹರಿವಿರುವ ಜಾಗವನ್ನೇ, ಬಲಗುಡ್ಡೆಯ ಹಿಂಭಾಗದ ಎತ್ತರವನ್ನು, ಅದಕ್ಕೆ ಬಿಟ್ಟೆ.

ಗ್ರೀನ್ ಸ್ಟಾರ್ ಪಾಲಿಪ್ ಹೋದದ್ದು ಮುಂದಿನ ಒಂಟಿ ಬಂಡೆಗೆ. ಆ ನೇರಳೆ ಚಾಪೆ ಸಿಕ್ಕ ಬಂಡೆಯನ್ನೆಲ್ಲ ಹೊದೆಯುತ್ತದೆ, ಅಡ್ಡ ಬಂದ ಹವಳದ ಬುಡವನ್ನೂ. ಸುತ್ತ ನಾಲ್ಕು ಬೆರಳು ಮರಳಿರುವ ದ್ವೀಪ ಅದಕ್ಕೆ ಬೇಲಿ. ಜೊಯಾಂಥಿಡ್‌ಗಳನ್ನು ಬಲಗುಡ್ಡೆಯ ಬುಡಕ್ಕೆ ಹಾಕಿದೆ. ಫಂಗಿಯಾಕ್ಕೆ ಅಂಟೇ ಬೇಡ. ಬೆಳೆದ ಮೇಲೆ ಬಂಡೆ ಬಿಟ್ಟು ಮರಳಿನ ಮೇಲೆ ಸ್ವತಂತ್ರವಾಗಿ ಬದುಕುವ ಹವಳ ಅದು. ಮೈಯುಬ್ಬಿಸಿ ಮೇಲೆ ಬಿದ್ದ ಮರಳನ್ನು ತಾನೇ ಕೊಡವಿಕೊಳ್ಳುತ್ತದೆ, ಮೆಲ್ಲಗೆ ಜಾಗವನ್ನೂ ಬದಲಿಸುತ್ತದೆ. ಬಂಡೆಯ ಒರಟಿಗೆ ಉಜ್ಜಿಕೊಂಡು ಅಂಗಾಂಶ ಹರಿಯದಂತೆ ಓಣಿಯ ನಟ್ಟನಡುವೆ ಇಟ್ಟೆ.

ಕೋನ

ಅಕ್ರೊಪೊರಾ ತುಣುಕನ್ನು ಎಲ್ಲರೂ ನೆಟ್ಟಗೆ ನಿಲ್ಲಿಸುತ್ತಾರೆ, ನೆಟ್ಟ ಸಸಿಯ ಹಾಗೆ. ನಾಲ್ಕರಲ್ಲಿ ಎರಡನ್ನು ನಾನು ಹಾಗೆ ನಿಲ್ಲಿಸಲಿಲ್ಲ, ಅಡ್ಡ ಮಲಗಿಸಿದೆ. ಕೊಂಬೆಯನ್ನು ಉದ್ದಕ್ಕೆ ಬಂಡೆಗೆ ತಾಗುವಂತೆ ಅಂಟಿಸಿದರೆ ತಾಗಿದ ಉದ್ದಕ್ಕೂ ಅದು ಬಂಡೆಯ ಮೇಲೆ ಹರಡುತ್ತದೆ, ಬೆಳಕು ಬೀಳುವ ಮೇಲ್ಮೈಯಿಂದ ಹಲವು ಹೊಸ ತುದಿಗಳು ಏಳುತ್ತವೆ. ನೆಟ್ಟಗೆ ನಿಲ್ಲಿಸಿದ್ದು ಬೇಗ ಎತ್ತರವಾಗುತ್ತದೆ, ಆದರೆ ಬುಡ ಕಿರಿದು. ಬಸವನಹುಳು ಏರಿದರೂ ತೊನೆಯುತ್ತದೆ. ಎತ್ತರಕ್ಕೆ ಅವಕಾಶ ಕಡಿಮೆ ಇರುವ, ನೆತ್ತಿಯಿಂದ ನೀರಿನ ಮೇಲ್ಮೈಗೆ ಒಂದು ಗೇಣೂ ಇಲ್ಲದ ಕಡೆ ಮಲಗಿಸುವುದೇ ಮೇಲು. ತೆಳುಕೊಂಬೆಯ, ಪೊದೆಯಂತೆ ಒತ್ತಾಗಿ ಬೆಳೆಯುವ ಜಾತಿಗಳಿಗೆ ಇದು ಅಷ್ಟು ಒಪ್ಪುವುದಿಲ್ಲ. ಉಳಿದೆರಡು ಆ ಬಗೆಯವು, ಅವನ್ನು ಮುಂದಕ್ಕೆ ಸ್ವಲ್ಪ ವಾಲಿಸಿ ನಿಲ್ಲಿಸಿದೆ, ಮುಂದೆ ಬೆಳೆದಾಗ ಹಿಂದಿನ ಬಂಡೆಗೆ ಒತ್ತಿಕೊಳ್ಳದಿರಲಿ ಎಂದು.

ಲೇಪವಾಗಿ ಹಬ್ಬುವ ಮಾಂಟಿಪೊರಾದ ಮೂರು ಚೂರುಗಳೂ ಒಂದೇ ತಾಯಿ ಹವಳದವು. ಅವನ್ನು ಎರಡೆರಡು ಸೆಂ.ಮೀ. ಅಂತರದಲ್ಲಿ ಅಂಟಿಸಿದೆ. ಒಂದೇ ತಳಿಯ ಚೂರುಗಳು ಬೆಳೆದು ಸಂಧಿಸಿದಾಗ ಜಗಳವಾಡದೆ ಬೆಸೆದುಕೊಂಡು ಒಂದೇ ಹವಳವಾಗುತ್ತವೆ. ಫ್ಲಾರಿಡಾದ ಮೋಟ್ ಮರೈನ್ ಲ್ಯಾಬೊರೇಟರಿಯಲ್ಲಿ ಡೇವಿಡ್ ವಾನ್ ಮತ್ತು ಸಂಗಡಿಗರು ಬೆಳೆಸಿದ ಮೈಕ್ರೋಫ್ರ್ಯಾಗ್ಮೆಂಟೇಶನ್ ವಿಧಾನದ ತಿರುಳು ಇದೇ: ಹವಳವನ್ನು ಉಗುರಿನಗಲದ ಚೂರುಗಳಾಗಿ ಕತ್ತರಿಸಿದರೆ ಅಂಚಿನ ಗಾಯ ಮುಚ್ಚುವ ಭರದಲ್ಲಿ ಅವು ಮಾಮೂಲಿಗಿಂತ ಬೇಗ ಹರಡುತ್ತವೆ, ಕೂಡಿಕೊಳ್ಳುತ್ತವೆ. ನಾಶವಾದ ಹವಳದಿಬ್ಬಗಳಿಗೆ ಮತ್ತೆ ಜೀವ ತುಂಬಲು ಬಳಸುವ ಕ್ರಮವೊಂದು ಮನೆಯ ಟ್ಯಾಂಕಿನಲ್ಲೂ ಹಾಗೇ ನಡೆಯುತ್ತದೆ ಎನ್ನುವುದು ಈ ಹವ್ಯಾಸದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ.

ಇಷ್ಟೆಲ್ಲ ತೀರ್ಮಾನವಾದ ಮೇಲೂ ತಕ್ಷಣ ಅಂಟು ಹಚ್ಚಲಿಲ್ಲ. ಮೊದಲು ಎಲ್ಲವನ್ನೂ ಗಾಜಿಗೆ ಆಯಸ್ಕಾಂತದಿಂದ ಅಂಟುವ, ತುಣುಕುಗಳನ್ನಿಡುವ ಫ್ರ್ಯಾಗ್ ರ್‍ಯಾಕಿನಲ್ಲಿ, ತಮ್ಮ ಕೊನೆಯ ಜಾಗಕ್ಕಿಂತ ಕಡಿಮೆ ಬೆಳಕಿನಲ್ಲಿ ಇಟ್ಟು, ರ್‍ಯಾಕನ್ನು ಹಂತ ಹಂತವಾಗಿ ಮೇಲಕ್ಕೇರಿಸಿದೆ. ಆಮೇಲೆ ಪ್ಲಗ್ ಸಮೇತ ಬಂಡೆಯ ಸಂದಿಗಳಲ್ಲಿ, ಗೊತ್ತುಮಾಡಿದ ಜಾಗದಲ್ಲೇ, ಅಂಟಿಲ್ಲದೆ ಕೂರಿಸಿದೆ. ಪಾಲಿಪ್‌ಗಳು ಚಾಚುತ್ತವೆಯೇ, ಬಣ್ಣ ಬಿಳಿಚುತ್ತದೆಯೇ ಎಂದು ನೋಡುತ್ತಾ ಹೋಗಬೇಕು. ಬಿಳಿಚಿದರೆ ಬೆಳಕು ಅತಿಯಾಗಿರಬಹುದು, ಕಂದು ತಿರುಗಿದರೆ ಕಡಿಮೆ. ಒಳಗಿನ ಪಾಚಿ ಹೆಚ್ಚಿದಾಗ ಹವಳ ಕಂದಾಗುತ್ತದೆ. ನೀರಿನಲ್ಲಿ ಪೋಷಕಾಂಶ ಹೆಚ್ಚು ಕಡಿಮೆಯಾದರೂ ಇದೇ ಬಣ್ಣಗಳು ಕಾಣುವುದರಿಂದ ನೈಟ್ರೇಟ್, ಫಾಸ್ಫೇಟ್ ಪರೀಕ್ಷಿಸದೆ ಜಾಗ ಬದಲಿಸಬಾರದು. ಈ ಹಂತದಲ್ಲಿ ಟಾರ್ಚ್ ಹವಳ ಒಂದು ಕಡೆ ಮಾತ್ರ ಮುದುಡುತ್ತಿದ್ದುದು ಕಂಡಿತು. ಎರಡು ಬೆರಳು ಹಿಂದಕ್ಕೆ ಸರಿಸಿದ್ದೇ ತಡ, ಸುತ್ತಲೂ ಅರಳಿತು. ಅಂಟಿಸಿಬಿಟ್ಟಿದ್ದರೆ ಈ ಎರಡು ಬೆರಳನ್ನು ಸರಿಸುವಂತಿರಲಿಲ್ಲ.

ಅಂಟು

ಎರಡು ಸಾಮಾನು ಬೇಕು: ಜೆಲ್ ರೂಪದ ಸಯನೊಅಕ್ರಿಲೇಟ್ ಅಂಟು, ಅಂದರೆ ಸೂಪರ್ ಗ್ಲೂ ಜೆಲ್, ಮತ್ತು ಎರಡು ಭಾಗ ನಾದಿ ಬಳಸುವ ಎಪಾಕ್ಸಿ ಪುಟ್ಟಿ, ಅಕ್ವೇರಿಯಂಗೆ ಸುರಕ್ಷಿತವೆಂದು ಗುರುತಿಸಿದ್ದು. ನೀರಿನಂತೆ ತೆಳುವಾದ ಸೂಪರ್ ಗ್ಲೂ ಇಲ್ಲಿ ಉಪಯೋಗಕ್ಕಿಲ್ಲ, ಸಂದಿ ತುಂಬದೆ ಹರಿದುಹೋಗುತ್ತದೆ.

ಸಯನೊಅಕ್ರಿಲೇಟ್ ಗಟ್ಟಿಯಾಗುವುದು ನೀರಿನ ಸಂಪರ್ಕದಿಂದಲೇ. ಟ್ಯಾಂಕಿನೊಳಗೆ ಹೋದ ಕ್ಷಣ ಅದರ ಹೊರಮೈಗೆ ತೆಳುಪೊರೆ ಕಟ್ಟುತ್ತದೆ, ಒಳಗೆ ಇನ್ನೂ ಮೆತ್ತಗಿರುತ್ತದೆ. ಆ ಪೊರೆಯ ಸಮೇತ ಸುಮ್ಮನೆ ಬಂಡೆಗೆ ಒತ್ತಿದರೆ ಹಿಡಿದಂತೆ ಕಂಡು ಮರುದಿನ ಮರಳಿನ ಮೇಲೆ ಬಿದ್ದಿರುತ್ತದೆ. ಒತ್ತುವಾಗ ಎಡಕ್ಕೂ ಬಲಕ್ಕೂ ತುಸು ತಿರುಚಬೇಕು. ಪೊರೆ ಒಡೆದು ಒಳಗಿನ ಹಸಿ ಅಂಟು ಬಂಡೆಯ ರಂಧ್ರಗಳಿಗೆ ಇಳಿಯುತ್ತದೆ.

ಎಪಾಕ್ಸಿ ಪುಟ್ಟಿಯನ್ನು ಅಂಟು ಎಂದುಕೊಳ್ಳಬಾರದು. ಒದ್ದೆ ಬಂಡೆಗೆ ಅದು ಅಷ್ಟಾಗಿ ಅಂಟುವುದಿಲ್ಲ. ಅದರ ಕೆಲಸ ಏರುಪೇರು ತುಂಬಿ, ಗಟ್ಟಿಯಾದ ಮೇಲೆ ಬಂಡೆಯ ಒರಟುಗಳಿಗೆ ಕಚ್ಚಿಕೊಂಡು ಆಧಾರವಾಗುವುದು. ಹಾಗಾಗಿ ತುಣುಕಿನ ಬುಡಕ್ಕೆ ಅಂಟು, ಅದಕ್ಕೆ ಪುಟ್ಟಿ ಉಂಡೆ, ಉಂಡೆಯ ಅಡಿಗೆ ಮತ್ತೆ ಅಂಟು, ಆಮೇಲೆ ಬಂಡೆಗೆ. ಭಾರದ ತುಣುಕುಗಳಿಗೆಲ್ಲ ಈ ಕ್ರಮವನ್ನೇ ಅನುಸರಿಸಿದೆ. ಪುಟ್ಟಿಯನ್ನು ಎರಡೂ ಬಣ್ಣ ಸೇರಿ ಒಂದೇ ಆಗುವವರೆಗೆ ನಾದಬೇಕು. ಗೆರೆ ಉಳಿದರೆ ಆ ಭಾಗ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗುವಾಗ ಬಿಸಿಯೂ ಆಗುತ್ತದೆ, ಆದ್ದರಿಂದ ದೊಡ್ಡ ಉಂಡೆಯನ್ನು ಜೀವಂತ ಅಂಗಾಂಶಕ್ಕೆ ತಾಗಿಸದೆ ಬರಿ ಅಸ್ಥಿಗಷ್ಟೇ ಒತ್ತಿ. ಪುಟ್ಟಿ ನೀರಿಗಿಳಿದ ಮೇಲೆ ನೊರೆಯೊಂದಿಗೆ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ವಿಪರೀತ ನೊರೆಯೇಳಿಸಿ ಉಕ್ಕುತ್ತದೆ. ಕೆಲಸಕ್ಕೆ ಮುಂಚೆಯೇ ಅದನ್ನು ನಿಲ್ಲಿಸಿ, ಮತ್ತೆ ಶುರು ಮಾಡುವಾಗ ಬಟ್ಟಲು ಉಕ್ಕದಂತೆ ಮಟ್ಟ ತಗ್ಗಿಸಿ ಬಿಡಿ.

ಅಂಟು ಬಿಡುವುದಕ್ಕೆ ಹೆಚ್ಚಿನ ಸಲ ಕಾರಣ ಅಂಟಲ್ಲ, ಬಂಡೆಯ ಮೈ. ಅದರ ಮೇಲೆ ಪಾಚಿ, ಲೋಳೆ, ನೇರಳೆ ಬಣ್ಣದ ಕೊರಲೈನ್ ಪಾಚಿಯ ಹೊರಪದರ ಇರುತ್ತದೆ. ಅಂಟು ಆ ಪದರವನ್ನು ಹಿಡಿಯುತ್ತದೆ, ಪದರ ಬಂಡೆಯನ್ನು ಬಿಡುತ್ತದೆ. ಬಿದ್ದ ತುಣುಕಿನ ಬುಡದಲ್ಲಿ ನೇರಳೆ ಚಕ್ಕೆ ಅಂಟಿಕೊಂಡಿದ್ದರೆ ಆದದ್ದು ಇದೇ. ಪ್ರತಿ ಜಾಗವನ್ನೂ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಬಿಳಿ ಕಲ್ಲು ಕಾಣುವವರೆಗೆ ಕೆರೆದು, ಗಟ್ಟಿ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಪಂಪ್ ನಿಲ್ಲಿಸಿ ಪುಡಿ ತಳಕ್ಕಿಳಿದ ಮೇಲೆ ಸೈಫನ್ ಮಾಡಿ ತೆಗೆದೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದಕ್ಕೇ.

ಪ್ಲಗ್‌ನ ಕಾಂಡವನ್ನು ಹೆಚ್ಚಿನ ಕಡೆ ಕತ್ತರಿಸಿ ಬಿಲ್ಲೆಯನ್ನಷ್ಟೇ ಉಳಿಸಿಕೊಂಡೆ. ಅಕ್ರೊಪೊರಾಗಳನ್ನು ಬಿಲ್ಲೆಯಿಂದಲೂ ಬಿಡಿಸಿ ನೇರ ಬಂಡೆಗೇ ಹಾಕಿದೆ. ಬಿಲ್ಲೆ ಉಳಿದರೆ ಅದರ ಅಂಚಿನಲ್ಲೊಂದು ಮೆಟ್ಟಿಲು ಉಳಿಯುತ್ತದೆ, ಹರಡುವ ಬುಡಕ್ಕೆ ಅದನ್ನು ದಾಟುವ ಕಷ್ಟ, ಅಡಿಯಲ್ಲಿ ಕೊಳೆ ಸೇರುವ ಸಂದಿ. ಅಂಟಿಸುವ ಹೊತ್ತಿಗೆ ನೀರಿನ ಮಟ್ಟವನ್ನು ನೆತ್ತಿಗಿಂತ ಕೆಳಗೆ ಇಳಿಸಿದ್ದರಿಂದ ಅವನ್ನು ಗಾಳಿಯಲ್ಲೇ ಅಂಟಿಸಲು ಸಾಧ್ಯವಾಯಿತು. ಹವಳ ಕೆಲವು ನಿಮಿಷ ನೀರಿನಿಂದ ಹೊರಗಿದ್ದರೆ ತೊಂದರೆಯಿಲ್ಲ, ಇಳಿತದಲ್ಲಿ ಸಮುದ್ರದಲ್ಲೂ ಹಾಗಿರುತ್ತವೆ. ಬುಡದ ನೀರನ್ನು ಟಿಶ್ಯೂ ಕಾಗದಕ್ಕೆ ತಾಗಿಸಿ ಹೀರಿಸಿ, ಕಡಲೆಕಾಳಿನಷ್ಟು ಅಂಟಿಟ್ಟು, ತಿರುಚಿ ಒತ್ತಿ, ಕೈ ಅಲುಗದಂತೆ ಹಿಡಿದರೆ ಆಯಿತು. ಯೂಫಿಲಿಯಾಗಳನ್ನು ಹೊರಗೆತ್ತುವ ಮೊದಲು ನೀರಿನಲ್ಲೇ ಮೆಲ್ಲಗೆ ತಟ್ಟಿ ಮುದುಡಿಸಬೇಕು. ಉಬ್ಬಿದ ಮೈಯಲ್ಲಿ ಎತ್ತಿದರೆ ನೀರಿನ ಭಾರಕ್ಕೆ ಅಂಗಾಂಶ ಅಸ್ಥಿಯ ಅಂಚಿಗೆ ಸಿಕ್ಕಿ ಹರಿಯುತ್ತದೆ.

ಮೆದು ಹವಳಕ್ಕೆ ಈ ವಿದ್ಯೆ ನಡೆಯದು. ಸಾರ್ಕೊಫೈಟಾನ್ ಅಂಟು ತಾಗಿದೊಡನೆ ಲೋಳೆ ಸುರಿಸಿ ಜಾರಿಕೊಳ್ಳುತ್ತದೆ. ಅದರ ಬುಡವನ್ನು ಸಣ್ಣ ಕಲ್ಲಿನ ಮೇಲಿಟ್ಟು, ತೆಳು ಬಲೆಬಟ್ಟೆ ಹೊದಿಸಿ, ರಬ್ಬರ್ ಬ್ಯಾಂಡ್ ಸಡಿಲವಾಗಿ ಹಾಕಿ, ಹರಿವು ಕಡಿಮೆಯಿರುವ ಡಬ್ಬಿಯಲ್ಲಿ ಬಿಟ್ಟೆ. ತಾನಾಗಿ ಕಲ್ಲು ಹಿಡಿದ ಮೇಲೆ ಆ ಕಲ್ಲನ್ನೇ ಬಂಡೆಗೆ ಅಂಟಿಸಿದ್ದು.

ಆಮೇಲೆ

ಅಕ್ರೊಪೊರಾ ಒಂದು ಉದುರಿತ್ತು. ಟರ್ಬೊ ಬಸವನಹುಳು ಅದರ ಮೇಲೇರಿ ಹೋಗಿರಬೇಕು, ಪಕ್ಕದ ಗಾಜಿನವರೆಗೆ ಪಾಚಿ ಮೇಯ್ದ ದಾರಿ ಕಾಣುತ್ತಿತ್ತು. ಅಂಚಿನಲ್ಲಿ ಮತ್ತೊಂದು ಸುತ್ತು ಅಂಟು ಕೊಟ್ಟು ಅಲ್ಲೇ ಕೂರಿಸಿದೆ. ಉಳಿದವು ನಿಂತಿವೆ. ಮಲಗಿಸಿದ ಎರಡರಲ್ಲಿ ಅಂಟಿನ ಬಿಳಿ ಉಬ್ಬನ್ನು ದಾಟಿ ಬುಡ ಬಂಡೆಗೆ ಇಳಿದಿದೆ, ಬೆಳಕಿನ ಕಡೆಯಿಂದ ತಿಳಿಬಣ್ಣದ ಹೊಸ ತುದಿಗಳು ಎದ್ದಿವೆ. ನೆಟ್ಟಗಿರುವವು ಎತ್ತರದಲ್ಲಿ ಮುಂದಿವೆ, ಬುಡದಲ್ಲಿ ಹಿಂದೆ. ಮಾಂಟಿಪೊರಾದ ಮೂರು ಚೂರುಗಳಲ್ಲಿ ಎರಡು ಕೂಡಿಕೊಂಡಿವೆ, ಮೂರನೆಯದರ ನಡುವೆ ಕೂದಲೆಳೆಯಷ್ಟು ಸಂದಿ ಉಳಿದಿದೆ. ರಾತ್ರಿಯ ಪರಿಶೀಲನೆಯಲ್ಲಿ ಟಾರ್ಚ್‌ನ ಸ್ವೀಪರ್‌ಗಳು ಗಾಜಿನ ಕಡೆಗೇ ತೇಲುತ್ತಿವೆ.

ಎಡಗುಡ್ಡೆಯ ಬಲ ಭುಜ, ಪಾರ್ 230 ಇರುವ ಒಳ್ಳೆಯ ಜಾಗ, ಈಗಲೂ ಬರಿದಾಗಿದೆ. ನೆತ್ತಿಯ ಅಕ್ರೊಪೊರಾ ಯಾವ ಕಡೆಗೆ ಹೆಚ್ಚು ಚಾಚುತ್ತದೆ ಎಂದು ಗೊತ್ತಾಗುವವರೆಗೆ ಅಲ್ಲಿ ಏನನ್ನೂ ಇಡುವುದಿಲ್ಲ. ಕೊಂಬೆಗಳು ಬೆಳೆದಾಗ ಅಲ್ಲಿ ಮತ್ತೆ ಮೀಟರ್ ಇಳಿಸಿ, 150ಕ್ಕಿಂತ ಕೆಳಗಿದ್ದರೆ ಹ್ಯಾಮರ್‌ನ ಒಂದು ಕವಲನ್ನು ಕತ್ತರಿಸಿ ಅಲ್ಲಿಗೆ ತರುವ ಯೋಚನೆಯಿದೆ, ಸ್ವೀಪರ್ ಹಾದಿಯಲ್ಲಿ ಅಕ್ರೊಪೊರಾ ಬರುವುದಿಲ್ಲ ಎಂದಾದರೆ ಮಾತ್ರ.